ತವರಿನ ಹೊಲದಲ್ಲಿ ಯಜಮಾನರ ಗೋದಾಮು: ತೆರಿಗೆಯ ಲೆಕ್ಕ ಯಾರ ಖಾತೆಗೆ?

ಹುಬ್ಬಳ್ಳಿಯಿಂದ ಅಣ್ಣಿಗೇರಿಯ ಮಾರ್ಗವಾಗಿ ಗದಗಿಗೆ ಹೊರಟವರಾಗಲಿ, ನವಲಗುಂದವನ್ನು ದಾಟಿ ನರಗುಂದದ ಕಡೆಗೆ ಸಾಗುವವರಾಗಲಿ ಒಂದು ಬದಲಾವಣೆಯನ್ನು ಗಮನಿಸದೆ ಇರಲಾರರು. ಹಿಂದೆ ಕಡಲೆ, ಹತ್ತಿ, ಗೋದಿ ಬೆಳೆಯುತ್ತಿದ್ದ ಎರೆಹೊಲಗಳ ರಸ್ತೆಯಂಚಿನಲ್ಲಿ ಇಂದು ಕಾಳುಕಡಿಯ ಗೋದಾಮುಗಳು, ಬೀಜ-ಗೊಬ್ಬರದ ಅಂಗಡಿಗಳು, ಹಿಟ್ಟಿನ ಗಿರಣಿಗಳು, ಖಾನಾವಳಿಗಳು ಎದ್ದು ನಿಂತಿವೆ. ಕುಂದಗೋಳದ ಮೆಣಸಿನಕಾಯಿಯ ಸೀಮೆಯಲ್ಲಿಯೂ ಕಲಘಟಗಿಯ ಭತ್ತ-ಗೋವಿನಜೋಳದ ಸೀಮೆಯಲ್ಲಿಯೂ ಇದೇ ನೋಟ. ಅಂಗಡಿಯ ಫಲಕದ ಮೇಲೆ ಯಜಮಾನರ ಹೆಸರಿರುತ್ತದೆ. ಆದರೆ ಹೊಲದ ಉತಾರವನ್ನು ತೆಗೆಸಿ ನೋಡಿದರೆ ಎಷ್ಟೋ ಕಡೆ ಮನೆಯೊಡತಿಯ ಹೆಸರು ಕಾಣುತ್ತದೆ.

ಆ ಹೆಸರು ಅಲ್ಲಿಗೆ ಬಂದ ದಾರಿ ನಮ್ಮ ವಾಚಕರಿಗೆ ಹೊಸದಲ್ಲ. ಮದುವೆಯ ಕಾಲಕ್ಕೆ ತವರಿನವರು ಅರಿಷಿಣ-ಕುಂಕುಮಕ್ಕೆಂದು ಬರೆದುಕೊಟ್ಟ ಹೊಲಗಳುಂಟು. ಅಣ್ಣತಮ್ಮಂದಿರ ವಾಟ್ನಿಯ ಕಾಲಕ್ಕೆ ಪಾಲಾಗಿ ಬಂದವುಗಳುಂಟು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯು ತನ್ನ ವ್ಯಾಪ್ತಿಯನ್ನು ಹೇಳುವಲ್ಲಿ ವೀರಶೈವರನ್ನೂ ಲಿಂಗಾಯತರನ್ನೂ ಹೆಸರಿಸಿಯೇ ಸೇರಿಸಿಕೊಂಡಿದೆ. ಹೆಣ್ಣುಮಗಳ ಕೈಯಲ್ಲಿರುವ ಆಸ್ತಿಗೆ ಆಕೆಯೇ ಪೂರ್ಣ ಒಡತಿಯೆಂದು ಅದರ 14ನೆಯ ಕಲಮು ಸಾರಿದೆ. ಕರ್ನಾಟಕವು 1994ರ ಜುಲೈ 30ರಿಂದ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಪಿತ್ರಾರ್ಜಿತದಲ್ಲಿ ಪಾಲು ಕೊಟ್ಟಿತು. 2005ರ ತಿದ್ದುಪಡಿಯು ಅದನ್ನು ದೇಶಕ್ಕೆಲ್ಲ ಹರಡಿತು. 2020ರ ಆಗಸ್ಟ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಉಳಿದಿದ್ದ ಸಂದೇಹಗಳನ್ನು ತೀರಿಸಿತು. ಹೀಗಾಗಿ ಮಗಳ ಹೆಸರಿನ ಹೊಲಗಳು ಹೆಚ್ಚುತ್ತಿವೆ. ಆ ಹೊಲಗಳ ಮೇಲೆ ಅಳಿಯಂದಿರ ವ್ಯಾಪಾರದ ಕಟ್ಟಡಗಳೂ ಹೆಚ್ಚುತ್ತಿವೆ.

ಕಟ್ಟುವ ಮುನ್ನ ಕಾಗದ ಮಾಡಿಕೊಳ್ಳೋಣವೆಂದರೆ ನಮ್ಮ ಮನೆಗಳಲ್ಲಿ ಸಿಗುವ ಉತ್ತರ ಒಂದೇ: “ಗಂಡ-ಹೆಂಡಿರ ನಡುವ ಎಂಥಾ ಕಾಗದ? ನಿಂದು ನಂದು ಅಂತ ಏನೈತಿ, ಎಲ್ಲಾ ಒಂದ ಅಲ್ಲೇನು?” ಸಂಸಾರದ ದೃಷ್ಟಿಯಿಂದ ಈ ಮಾತು ಚೆಂದವೇ. ಆದರೆ ಆದಾಯ ತೆರಿಗೆಯ ಕಾಯ್ದೆಯು ಗಂಡನನ್ನೂ ಹೆಂಡತಿಯನ್ನೂ ಎರಡು ಬೇರೆ ಖಾತೆಗಳೆಂದೇ ಎಣಿಸುತ್ತದೆ. ಒಲೆ ಒಂದೇ ಆದರೂ ಕೀರ್ದಿ ಎರಡು. ಈ ಸಂಗತಿಯನ್ನು ಮರೆತಲ್ಲಿ ಯಜಮಾನರು ಕಟ್ಟಡದ ಖರ್ಚಿನ ಮೇಲೆ ತಮಗೆ ಸಿಗಬೇಕಾದ ರಿಯಾಯಿತಿಯನ್ನು ಕಳೆದುಕೊಳ್ಳಬಹುದು. ಅದಕ್ಕಿಂತ ಹೆಚ್ಚಿನದಾಗಿ, ತಾಯಂದಿರ ಒಡೆತನವು ಸದ್ದಿಲ್ಲದೆ ಮಸುಕಾಗುತ್ತ ಹೋಗುತ್ತದೆ.

ನೆಲ ಒಬ್ಬರದು, ಗೋಡೆ ಇನ್ನೊಬ್ಬರದು

ಮೊದಲು ಎದುರಾಗುವ ಪ್ರಶ್ನೆ ಇದು: ಹೆಂಡತಿಯ ನೆಲದ ಮೇಲೆ ಗಂಡನು ಸ್ವಂತ ಹಣದಿಂದ ಕಟ್ಟಿದ ಗೋದಾಮು ಯಾರದು? ನೆಲಕ್ಕೆ ಅಂಟಿದ್ದೆಲ್ಲವೂ ನೆಲದೊಡೆಯನಿಗೇ ಸೇರುತ್ತದೆಂಬುದು ಇಂಗ್ಲೆಂಡಿನ ಹಳೆಯ ಕಾನೂನಿನ ಸೂತ್ರ. ನಮ್ಮ ದೇಶದಲ್ಲಿ ಈ ಸೂತ್ರವನ್ನು ಹಾಗೆಯೇ ಒಪ್ಪಿಲ್ಲ. ಮುಂಬಯಿಯ ಒಂದು ಗುತ್ತಿಗೆ ನಿವೇಶನದ ವ್ಯಾಜ್ಯದಲ್ಲಿ 1958ರಲ್ಲಿ ತೀರ್ಪು ಕೊಟ್ಟ ಸರ್ವೋಚ್ಚ ನ್ಯಾಯಾಲಯವು, ನೆಲದ ಒಡೆತನ ಒಬ್ಬರಲ್ಲಿಯೂ ಅದರ ಮೇಲಣ ಕಟ್ಟಡದ ಒಡೆತನ ಇನ್ನೊಬ್ಬರಲ್ಲಿಯೂ ಇರಲು ಸಾಧ್ಯವೆಂದು ಎತ್ತಿಹಿಡಿಯಿತು. ಆದುದರಿಂದ ಹೊಲ ಆಕೆಯದಾಗಿ, ಕಟ್ಟಡ ಆತನದಾಗಿ ಇರುವುದರಲ್ಲಿ ಕಾನೂನಿನ ಅಡ್ಡಿಯಿಲ್ಲ. ಹಾಗೆ ಇದೆಯೆಂದು ತೋರಿಸಲು ಆಧಾರ ಬೇಕು, ಅಷ್ಟೇ.

ಕಟ್ಟಡವು ತನ್ನದೆಂದು ತೋರಿಸಿಕೊಟ್ಟ ವ್ಯಾಪಾರಿಗೆ ದೊರೆಯುವ ಮುಖ್ಯ ಅನುಕೂಲತೆಯೆಂದರೆ ಸವಕಳಿ. ಅಂಗಡಿ, ಗೋದಾಮು, ಗಿರಣಿಗಳಂತಹ ವಾಸಕ್ಕಲ್ಲದ ಕಟ್ಟಡಗಳಿಗೆ ಪ್ರತಿ ವರ್ಷ ಉಳಿದ ಬೆಲೆಯ ಶೇಕಡಾ 10ರಷ್ಟನ್ನು ವ್ಯಾಪಾರದ ಆದಾಯದಲ್ಲಿ ಕಳೆಯಬಹುದು. ರೂ. 24 ಲಕ್ಷ ಖರ್ಚು ಮಾಡಿ ಕಟ್ಟಿದ ಗೋದಾಮಿಗೆ ಮೊದಲ ವರ್ಷ ರೂ. 2,40,000, ಎರಡನೆಯ ವರ್ಷ ರೂ. 2,16,000, ಮೂರನೆಯ ವರ್ಷ ರೂ. 1,94,400 ಹೀಗೆ ಇಳಿಯುತ್ತ ಹೋಗುತ್ತದೆ. ಮೊದಲ ವರ್ಷದಲ್ಲಿ ಕಟ್ಟಡವು 180 ದಿನಗಳಿಗಿಂತ ಕಡಿಮೆ ಬಳಕೆಯಾಗಿದ್ದರೆ ಅರ್ಧ ಸವಕಳಿ ಮಾತ್ರ. ಸುಗ್ಗಿಗೆ ಮೊದಲು ಕಟ್ಟಿ ಮುಗಿಸುವ ಅವಸರದಲ್ಲಿರುವವರು ಈ ದಿನಗಳ ಲೆಕ್ಕವನ್ನೂ ನೋಡಿಕೊಳ್ಳುವುದು ಲೇಸು.

ಕಟ್ಟಡವು ಪೂರ್ತಿಯಾಗಿ ತನ್ನದಲ್ಲ, ಹೆಂಡತಿಯ ಹಳೆಯ ಕಟ್ಟಡಕ್ಕೆ ತಾನು ಎರಡು ಅಂಕಣ ಸೇರಿಸಿದ್ದೇನೆ ಎನ್ನುವವರಿಗೂ ದಾರಿಯಿದೆ. ಬಾಡಿಗೆ ಕರಾರಿನಿಂದಲೋ ಬೇರಾವ ಹಕ್ಕಿನಿಂದಲೋ ಒಂದು ಕಟ್ಟಡದಲ್ಲಿ ವ್ಯಾಪಾರ ನಡೆಸುವವನು ಅದರಲ್ಲಿ ಹೊಸದಾಗಿ ಕಟ್ಟಿಸಿದ, ವಿಸ್ತರಿಸಿದ, ಸುಧಾರಿಸಿದ ಭಾಗದ ಮಟ್ಟಿಗೆ ತಾನೇ ಒಡೆಯನೆಂಬಂತೆ ಸವಕಳಿ ಪಡೆಯಬಹುದೆಂದು ಕಾಯ್ದೆ ವಿವರಿಸಿದೆ. ಗಮನಿಸಿರಿ, ಇಲ್ಲಿಯೂ “ಹಕ್ಕು” ಎಂಬ ಮಾತಿದೆ. ಆ ಹಕ್ಕಿನ ಕಾಗದ ಎಲ್ಲಿ ಎಂದು ಅಧಿಕಾರಿಗಳು ಕೇಳಿದಾಗ ದಾಂಪತ್ಯವನ್ನು ತೋರಿಸಿದರೆ ಸಾಲದು.

ನೆಲಕ್ಕೆ ಮಾತ್ರ ಸವಕಳಿಯಿಲ್ಲ. ಒಂದು ಚಿತ್ರಮಂದಿರದ ಪ್ರಕರಣದಲ್ಲಿ 1967ರಲ್ಲಿಯೇ ಸರ್ವೋಚ್ಚ ನ್ಯಾಯಾಲಯವು, ಕಟ್ಟಡವೆಂದರೆ ಅದರ ಕೆಳಗಿನ ನೆಲ ಸೇರುವುದಿಲ್ಲ ಎಂದು ಸ್ಪಷ್ಟಪಡಿಸಿತು. ನೆಲವು ಸವೆಯುವುದಿಲ್ಲವೆಂಬುದು ಅದರ ತರ್ಕ. ಎರೆಹೊಲವನ್ನು ಬಲ್ಲವರು ಇದನ್ನು ಒಪ್ಪುವುದು ಕಷ್ಟ, ಆದರೂ ಕಾನೂನು ಕಾನೂನೇ. ಹೊಲದ ಬೆಲೆಯನ್ನೂ ಸೇರಿಸಿ ಕಟ್ಟಡದ ಬೆಲೆಯೆಂದು ಬರೆದುಕೊಂಡ ಲೆಕ್ಕಗಳು ವಿಚಾರಣೆಯಲ್ಲಿ ನಿಲ್ಲುವುದಿಲ್ಲ.

ಇನ್ನೊಂದು ಎಚ್ಚರಿಕೆ. ಗಾರೆಯವರಿಗೆ, ಇಟ್ಟಿಗೆಯ ಭಟ್ಟಿಯವರಿಗೆ, ಕಬ್ಬಿಣದ ಅಂಗಡಿಗೆ ರೊಕ್ಕವನ್ನು ಕೈಯಲ್ಲಿ ಎಣಿಸಿಕೊಡುವುದು ನಮ್ಮ ರೂಢಿ. ಒಬ್ಬರಿಗೆ ಒಂದೇ ದಿನ ರೂ. 10,000ಕ್ಕಿಂತ ಹೆಚ್ಚು ನಗದು ಕೊಟ್ಟರೆ ಆ ಮೊತ್ತವು ಕಟ್ಟಡದ ಬೆಲೆಯಲ್ಲಿ ಸೇರುವುದೇ ಇಲ್ಲ. ಹಾಗೆಂದು 2017ರ ಹಣಕಾಸು ಕಾಯ್ದೆಯು ಸೇರಿಸಿದ ನಿಯಮವಿದೆ. ಆ ಹಣವನ್ನು ಚೆಕ್ಕಿನಿಂದಲೋ ಬ್ಯಾಂಕಿನ ಮೂಲಕವೋ, ಕಟ್ಟಡ ಯಾರದೆನ್ನುತ್ತೇವೆಯೋ ಅವರ ಖಾತೆಯಿಂದಲೇ ಕೊಟ್ಟಿದ್ದರೆ ಎರಡು ಕೆಲಸ ಒಟ್ಟಿಗೆ ಆಗುತ್ತವೆ: ಸವಕಳಿಯೂ ಉಳಿಯುತ್ತದೆ, ಒಡೆತನಕ್ಕೆ ಸಾಕ್ಷಿಯೂ ಸಿಗುತ್ತದೆ. ಸಿಮೆಂಟು-ಕಬ್ಬಿಣದ ಮೇಲೆ ಕೊಟ್ಟ ಜಿ.ಎಸ್.ಟಿ.ಯನ್ನು ಹಿಂದಕ್ಕೆ ಪಡೆಯುವ ಆಸೆಯನ್ನು ಮಾತ್ರ ಬಿಡಬೇಕು. ಸ್ಥಿರಾಸ್ತಿ ಕಟ್ಟುವ ವೆಚ್ಚಕ್ಕೆ ಆ ಸೌಲಭ್ಯವಿಲ್ಲ.

ಹೊಲ ಬಂದ ದಾರಿಯ ಮೇಲೆ ತೆರಿಗೆ

ಈಗ ಇಡೀ ವಿಷಯದ ಮರ್ಮಕ್ಕೆ ಬರೋಣ. ಪತ್ನಿಯ ಹೆಸರಿನ ಹೊಲವೆಲ್ಲ ತೆರಿಗೆಯ ಕಣ್ಣಿಗೆ ಒಂದೇ ಅಲ್ಲ. ತವರಿನಿಂದ ಬಂದ ಹೊಲ ಒಂದು ಬಗೆ. ಗಂಡನೇ ತನ್ನ ಗಳಿಕೆಯಿಂದ ಹೆಂಡತಿಯ ಹೆಸರಿನಲ್ಲಿ ಕೊಂಡ ಹೊಲ ಇನ್ನೊಂದು ಬಗೆ. ಎರಡನೆಯದು ಬೇನಾಮಿ ಎಂದು ಯಾರೂ ಹೆದರಬೇಕಾಗಿಲ್ಲ. ಲೆಕ್ಕಕ್ಕೆ ಸಿಗುವ ಹಣದಿಂದ ಸತಿಪತಿಯರು ಒಬ್ಬರ ಹೆಸರಿನಲ್ಲಿ ಇನ್ನೊಬ್ಬರು ಕೊಳ್ಳುವುದಕ್ಕೆ ಬೇನಾಮಿ ಕಾಯ್ದೆಯೇ ವಿನಾಯಿತಿ ಕೊಟ್ಟಿದೆ. ಆದರೆ ತಕ್ಕ ಪ್ರತಿಫಲವಿಲ್ಲದೆ ಸಂಗಾತಿಗೆ ಕೊಟ್ಟ ಆಸ್ತಿಯಿಂದ ಹುಟ್ಟುವ ಆದಾಯವು ಕೊಟ್ಟವರ ಆದಾಯಕ್ಕೇ ಕೂಡುತ್ತದೆ.

ಈ ಕೂಡಿಸುವ ನಿಯಮಕ್ಕೆ ದೀರ್ಘ ಇತಿಹಾಸವಿದೆ. ಹೆಂಡತಿ ಮಕ್ಕಳ ಹೆಸರಿಗೆ ಆದಾಯವನ್ನು ಹಂಚಿ ತೆರಿಗೆಯನ್ನು ತಗ್ಗಿಸಿಕೊಳ್ಳುವ ಪರಿಪಾಠವನ್ನು ತಡೆಯಲು ಬ್ರಿಟಿಷರ ಕಾಲದಲ್ಲಿ, 1937ರಲ್ಲಿ, 1922ರ ಕಾಯ್ದೆಗೆ ಇದನ್ನು ಸೇರಿಸಲಾಯಿತು. ಅದರ ಸಿಂಧುತ್ವವನ್ನು ಪ್ರಶ್ನಿಸಿದಾಗ 1961ರಲ್ಲಿ ಸರ್ವೋಚ್ಚ ನ್ಯಾಯಾಲಯವು ಎತ್ತಿಹಿಡಿಯಿತು. ಗಂಡನು ನೇರವಾಗಿ ಆಸ್ತಿ ಕೊಡದೆ ನಗದು ಕೊಟ್ಟು, ಆ ನಗದಿನಿಂದ ಹೆಂಡತಿ ಆಸ್ತಿ ಕೊಂಡರೂ ಆದಾಯ ಗಂಡನದೇ ಎಂದು 1970ರ ದಶಕದ ಆರಂಭದಲ್ಲಿ ಅದೇ ನ್ಯಾಯಾಲಯ ನಿರ್ಣಯಿಸಿತು. ಸುತ್ತುದಾರಿಯೂ ಮುಚ್ಚಿತು.

ಅಂಕಿಗಳಲ್ಲಿ ನೋಡಿದರೆ ಇದು ಬೇಗ ತಿಳಿಯುತ್ತದೆ. ಅಣ್ಣಿಗೇರಿಯ ಕಡೆಯ ಒಬ್ಬ ದಲಾಲಿ ವ್ಯಾಪಾರಿಯನ್ನು ಕಲ್ಪಿಸಿಕೊಳ್ಳಿರಿ. ಸವಕಳಿ ಮತ್ತು ನೆಲದ ಬಾಡಿಗೆಯನ್ನು ಕಳೆಯುವ ಮುನ್ನ ಅವರ ಆದಾಯ ರೂ. 15 ಲಕ್ಷ, ಬೇರೆ ಆದಾಯವಿಲ್ಲ. ಹೆಂಡತಿಯ ನಿವೇಶನದ ಮೇಲೆ ರೂ. 24 ಲಕ್ಷದ ಗೋದಾಮು ಕಟ್ಟಿದ್ದಾರೆ. ನೆಲಕ್ಕೆ ತಿಂಗಳಿಗೆ ರೂ. 10,000 ಬಾಡಿಗೆ. 2025–26ರ ಆರ್ಥಿಕ ವರ್ಷದ ಹೊಸ ಪದ್ಧತಿಯ ದರಗಳನ್ನು ಹಿಡಿಯೋಣ.

ಏನನ್ನೂ ಬರೆದಿಡದೆ, ಸವಕಳಿಯನ್ನಾಗಲಿ ಬಾಡಿಗೆಯನ್ನಾಗಲಿ ತೋರಿಸಲಾರದೆ ಹೋದರೆ ರೂ. 15 ಲಕ್ಷಕ್ಕೆ ತೆರಿಗೆ ರೂ. 1,05,000, ಸೆಸ್ ಸೇರಿ ರೂ. 1,09,200. ಹೊಲ ತವರಿನದಾಗಿದ್ದು ಕಾಗದಪತ್ರ ಸರಿಯಿದ್ದರೆ, ಸವಕಳಿ ರೂ. 2,40,000 ಮತ್ತು ಬಾಡಿಗೆ ರೂ. 1,20,000 ಕಳೆದು ಉಳಿಯುವ ಆದಾಯ ರೂ. 11,40,000. ರೂ. 12 ಲಕ್ಷದವರೆಗಿನ ಆದಾಯಕ್ಕೆ ರಿಬೇಟು ಇರುವುದರಿಂದ ಅವರು ತೆರಿಗೆ ಕೊಡಬೇಕಾಗಿಲ್ಲ. ಬಾಡಿಗೆ ಪಡೆದ ಪತ್ನಿಗೆ ಬೇರೆ ಆದಾಯವಿಲ್ಲದಿದ್ದರೆ ಅವರಿಗೂ ತೆರಿಗೆಯಿಲ್ಲ.

ಅದೇ ಗೋದಾಮು, ಅದೇ ಬಾಡಿಗೆ. ಆದರೆ ಹೊಲವು ಗಂಡನ ಹಣದಿಂದ ಕೊಂಡದ್ದು ಎಂದಿಟ್ಟುಕೊಳ್ಳಿ. ಆಗ ಹೆಂಡತಿಯ ರೂ. 1,20,000 ಬಾಡಿಗೆಯು ಮರಳಿ ಗಂಡನ ಲೆಕ್ಕಕ್ಕೇ ಬಂದು ಸೇರುತ್ತದೆ. ಒಟ್ಟು ರೂ. 12,60,000. ರೂ. 12 ಲಕ್ಷವನ್ನು ಮೀರಿದ ಮೊತ್ತಕ್ಕಿಂತ ತೆರಿಗೆ ಹೆಚ್ಚಾಗಬಾರದೆಂಬ ರಿಯಾಯಿತಿ ಕೊಟ್ಟ ಮೇಲೂ ರೂ. 60,000, ಸೆಸ್ ಸೇರಿ ರೂ. 62,400 ಕಟ್ಟಬೇಕು. ಹೊಲ ಎಲ್ಲಿಂದ ಬಂತು ಎಂಬುದೊಂದೇ ಇಲ್ಲಿ ವ್ಯತ್ಯಾಸ. ಆದುದರಿಂದಲೇ ತವರಿನ ಬಕ್ಷೀಸ ಪತ್ರ, ವಾಟ್ನಿ ಪತ್ರ, ಆ ಕಾಲದ ಉತಾರ ಇವುಗಳನ್ನು ಪೆಟ್ಟಿಗೆಯ ತಳದಲ್ಲಿ ಹಾಕಿ ಮರೆಯಬಾರದು. ತಂದೆಯು ಮಗಳಿಗೆ ಕೊಟ್ಟ ಬಕ್ಷೀಸಿಗೆ ತೆರಿಗೆಯಿಲ್ಲವೆಂಬುದನ್ನೂ ಇಲ್ಲಿಯೇ ಹೇಳಿಬಿಡುವೆ.

ಸಣ್ಣ ಕಿರಾಣಿ ಅಂಗಡಿಯವರು ಈ ಲೆಕ್ಕವನ್ನು ನೋಡಿ ತಾವೂ ಬಾಡಿಗೆ ಬರೆಯಲು ಹೊರಡಬೇಕಾಗಿಲ್ಲ. ವಹಿವಾಟಿನ ಶೇಕಡಾ 8ರಷ್ಟನ್ನು, ಬ್ಯಾಂಕಿನ ಮೂಲಕ ಬಂದದ್ದಕ್ಕೆ ಶೇಕಡಾ 6ರಷ್ಟನ್ನು ಲಾಭವೆಂದು ಒಪ್ಪಿಕೊಂಡು ತೆರಿಗೆ ಕಟ್ಟುವ ಸರಳ ವಿಧಾನದಲ್ಲಿರುವವರಿಗೆ ಸವಕಳಿಯಾಗಲಿ ಬಾಡಿಗೆಯಾಗಲಿ ಬೇರೆಯಾಗಿ ಕಳೆಯಲು ಬರುವುದಿಲ್ಲ; ಎಲ್ಲವೂ ಅದರಲ್ಲಿಯೇ ಅಡಗಿದೆಯೆಂದು ಭಾವನೆ. ದಲಾಲಿ, ಕಮಿಷನ್ ಗಳಿಸುವವರಿಗೆ ಈ ಸರಳ ವಿಧಾನವೇ ಇಲ್ಲ. ಅಡತಿ ಅಂಗಡಿಯವರು ಕೀರ್ದಿ-ಖತಾವಣಿ ಇಡಲೇಬೇಕು.

ಕಟ್ಟಡವನ್ನು ತಾವು ಬಳಸದೆ ಮೂರನೆಯವರಿಗೆ ಬಾಡಿಗೆಗೆ ಕೊಟ್ಟಾಗ ಲೆಕ್ಕ ಇನ್ನೂ ಸೂಕ್ಷ್ಮ. ನೆಲ ತವರಿನದು, ಕಟ್ಟಡ ಗಂಡನ ಹಣದ್ದು ಎಂದಾದರೆ ಬರುವ ಬಾಡಿಗೆಯಲ್ಲಿ ನೆಲದ ಪಾಲು ಆಕೆಯದು, ಕಟ್ಟಡದ ಪಾಲು ಆತನದು. ಕಟ್ಟಡವನ್ನು ಹೆಂಡತಿಗೇ ಬಕ್ಷೀಸು ಕೊಟ್ಟಿದ್ದೇನೆ ಎಂದರೂ ಆ ಪಾಲಿನ ತೆರಿಗೆ ಆತನನ್ನು ಬಿಡುವುದಿಲ್ಲ. ಸಂಗಾತಿಗೆ ಪ್ರತಿಫಲವಿಲ್ಲದೆ ಕೊಟ್ಟ ಮನೆ-ಮಳಿಗೆಗೆ ಕೊಟ್ಟವನೇ ಒಡೆಯನೆಂದು ಕಾಯ್ದೆ ಭಾವಿಸುತ್ತದೆ.

ಕರಾರು ಪತ್ರ ಮತ್ತು ಬಿನಶೇತ್ಕಿ

ಬಾಡಿಗೆಯ ಮೊತ್ತವನ್ನು ಮನಬಂದಂತೆ ಏರಿಸಲು ಬರುವುದಿಲ್ಲ. ಹತ್ತಿರದ ನಿವೇಶನಗಳ ದರಕ್ಕಿಂತ ಅತಿಯಾದದ್ದನ್ನು ಸಂಬಂಧಿಕರಿಗೆ ಕೊಟ್ಟಿದ್ದರೆ ಆ ಹೆಚ್ಚಿನ ಭಾಗವನ್ನು ಅಧಿಕಾರಿಯು ತಳ್ಳಿಹಾಕಬಹುದು. ಬಾಡಿಗೆಯು ಪತ್ನಿಯ ಸ್ವಂತ ಬ್ಯಾಂಕ್ ಖಾತೆಗೆ ತಿಂಗಳು ತಿಂಗಳು ಜಮೆಯಾಗಬೇಕು. ವರ್ಷದ ಕೊನೆಗೆ ಕೀರ್ದಿಯಲ್ಲಿ ಒಂದು ಸಾಲು ಗೀಚಿ “ಬಾಡಿಗೆ ಕೊಟ್ಟಿದೆ” ಎನ್ನುವುದು ಆಕೆಗೂ ಅನ್ಯಾಯ, ಲೆಕ್ಕಕ್ಕೂ ಅಪಾಯ. ಬರಿಯ ನೆಲದ ಬಾಡಿಗೆಯು ಮನೆ ಬಾಡಿಗೆಯಲ್ಲವಾದ್ದರಿಂದ ಅದಕ್ಕೆ ಶೇಕಡಾ 30ರ ಕಡಿತ ಸಿಗುವುದಿಲ್ಲ. ಹೊಲದಿಂದ ಬಂದ ರೊಕ್ಕ, ಇದು ಕೃಷಿ ಆದಾಯ, ತೆರಿಗೆಯಿಲ್ಲ ಎಂಬ ವಾದವೂ ನಿಲ್ಲುವುದಿಲ್ಲ. ಹೊಲದಲ್ಲಿ ಉಳುಮೆ ನಡೆಯದೆ ವ್ಯಾಪಾರ ನಡೆದರೆ ಅದು ಕೃಷಿಯ ಆದಾಯವಲ್ಲ.

ಯಜಮಾನರಿಗೆ ಜಿ.ಎಸ್.ಟಿ. ನೋಂದಣಿಯಿದ್ದು ಪತ್ನಿಗೆ ಇಲ್ಲದ ಪಕ್ಷದಲ್ಲಿ ಇನ್ನೊಂದು ನಿಯಮ ಅಡ್ಡ ಬರುತ್ತದೆ. 2024ರ ಅಕ್ಟೋಬರ್ 10ರಿಂದ ವಾಸಕ್ಕಲ್ಲದ ಸ್ಥಿರಾಸ್ತಿಯ ಬಾಡಿಗೆಯ ಮೇಲಿನ ಶೇಕಡಾ 18ರ ತೆರಿಗೆಯನ್ನು ಇಂತಹ ಸಂದರ್ಭದಲ್ಲಿ ಬಾಡಿಗೆದಾರನೇ ಕಟ್ಟಬೇಕು. ನಮ್ಮ ಉದಾಹರಣೆಯ ಬಾಡಿಗೆಗೆ ಇದು ವರ್ಷಕ್ಕೆ ರೂ. 21,600. ತೆರಿಗೆಯುಳ್ಳ ಸರಕಿನ ವ್ಯಾಪಾರಿಯು ಇದನ್ನು ತನ್ನ ತೆರಿಗೆಯಲ್ಲಿ ವಜಾ ಮಾಡಿಕೊಳ್ಳಬಹುದು. ತೆರಿಗೆಯಿಲ್ಲದ ಸರಕಿನವರಿಗೆ ಅದು ಕೈಯಿಂದ ಹೋದಂತೆಯೇ. ಕಂಪೋಜಿಷನ್ ಪದ್ಧತಿಯಲ್ಲಿರುವವರನ್ನು 2025ರ ಜನವರಿಯಲ್ಲಿ ಇದರಿಂದ ಹೊರಗಿಡಲಾಯಿತು. ಬಾಡಿಗೆ ಬರೆಯುವ ಮುನ್ನ ಈ ಎರಡೂ ತೆರಿಗೆಗಳನ್ನು ಒಟ್ಟಿಗೆ ತೂಗಿ ನೋಡಬೇಕು.

ಕರಾರು ಪತ್ರಕ್ಕೆ ಮೊದಲು ಇನ್ನೊಂದು ಮೆಟ್ಟಿಲಿದೆ. 1974ರಿಂದ ನಮ್ಮ ರಾಜ್ಯದಲ್ಲಿ ಸಾಗುವಳಿಯ ಹೊಲವನ್ನು ಗೇಣಿಗೆ ಕೊಡುವುದನ್ನು ಭೂಸುಧಾರಣೆಯ ಕಾನೂನು ನಿಷೇಧಿಸಿದೆ. ಸಾಗುವಳಿಯ ಭೂಮಿಯ ಮೇಲೆ ಅಂಗಡಿ ಕಟ್ಟಲು 1964ರ ಭೂಕಂದಾಯ ಕಾಯ್ದೆಯ 95ನೆಯ ಕಲಮಿನಂತೆ ಪರಿವರ್ತನೆ ಬೇಕು. ಮುಂಬಯಿ ಪ್ರಾಂತದ ಕಾಲದಿಂದ ನಮ್ಮ ಕಡೆ ಇದಕ್ಕೆ “ಬಿನಶೇತ್ಕಿ” ಎಂದೇ ಹೆಸರು, ಎನ್.ಎ. ಎಂದವರೂ ಅದನ್ನೇ ಹೇಳುತ್ತಾರೆ. ಆದುದರಿಂದ ಮೊದಲು ಬಿನಶೇತ್ಕಿ, ಆಮೇಲೆ ಬಾಡಿಗೆಯ ಕರಾರು. ಅರ್ಜಿ ಹೊಲದೊಡತಿಯ ಹೆಸರಿನಲ್ಲಿಯೇ ಹೋಗಬೇಕು. ಕಟ್ಟಲು ಒಪ್ಪಿಗೆ, ವಿದ್ಯುತ್ ಮೀಟರು, ಪಂಚಾಯಿತಿಯ ಅಥವಾ ಪುರಸಭೆಯ ಕರ ಇವುಗಳಲ್ಲಿ ಯಾವುದು ಯಾರ ಹೆಸರಿನಲ್ಲಿ, ಯಾರ ಸಮ್ಮತಿಯಿಂದ ಎಂಬುದು ಮೊದಲೇ ತೀರ್ಮಾನವಾಗಿರಲಿ.

ಹನ್ನೊಂದು ತಿಂಗಳ ಕರಾರನ್ನು ಬರೆದು ಪ್ರತಿ ವರ್ಷ ಹೊಸದು ಮಾಡುವುದು ಸಾಮಾನ್ಯ ಪದ್ಧತಿ. ಒಂದು ವರ್ಷಕ್ಕೆ ಮೀರಿದ ಕರಾರು ನೋಂದಣಿಯಾಗಲೇಬೇಕೆಂಬ ಕಾರಣಕ್ಕೆ ಜನ ಇದನ್ನು ಹಿಡಿಯುತ್ತಾರೆ. ನನ್ನ ಅಭಿಪ್ರಾಯ ಬೇರೆ. ನಲವತ್ತು ವರ್ಷ ನಿಲ್ಲಬೇಕಾದ ಕಲ್ಲು-ಸಿಮೆಂಟಿನ ಕಟ್ಟಡಕ್ಕೆ ಹನ್ನೊಂದು ತಿಂಗಳ ಕಾಗದ ಸಾಲದು. ದೀರ್ಘಾವಧಿಯ ಕರಾರನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಿ, ಅದರಲ್ಲಿ ಮೂರು ಮಾತುಗಳು ಇರುವಂತೆ ನೋಡಿಕೊಳ್ಳಬೇಕು: ನೆಲ ಪತ್ನಿಯದು, ಕಟ್ಟಡ ಪತಿಯ ಖರ್ಚಿನದು ಮತ್ತು ಆತನದು, ಅವಧಿ ಮುಗಿದಾಗ ಕಟ್ಟಡ ಏನಾಗಬೇಕು. ಮುದ್ರಾಂಕದ ಖರ್ಚು ಒಮ್ಮೆ ಮಾತ್ರ.

ಇದರ ಬದಲಾಗಿ ಕೆಲವು ಹಿರಿಯರು ಸುಲಭದ ಉಪಾಯವೊಂದನ್ನು ಹೇಳಿಕೊಡುತ್ತಾರೆ. ಸೊಸೆಯಿಂದ ಮಗನಿಗೆ ಬಕ್ಷೀಸ ಪತ್ರ ಬರೆಸಿಬಿಡಿ, ಕುಟುಂಬದೊಳಗೆ ಮುದ್ರಾಂಕ ಶುಲ್ಕ ಅಲ್ಪ, ಎಲ್ಲ ತಕರಾರು ಮುಗಿಯಿತು ಎಂದು. ಮುದ್ರಾಂಕ ಅಲ್ಪವೆಂಬುದು ನಿಜ. ಉಳಿದದ್ದು ನಿಜವಲ್ಲ. ನೆಲಕ್ಕೆ ಸವಕಳಿಯಿಲ್ಲವಾದ್ದರಿಂದ ಗಂಡನಿಗೆ ತೆರಿಗೆಯಲ್ಲಿ ಹೊಸ ಲಾಭವೇನೂ ಬರುವುದಿಲ್ಲ. ಕೂಡಿಸುವ ನಿಯಮವಾದರೋ ಗಂಡನಿಂದ ಹೆಂಡತಿಗೆ ಮಾತ್ರವಲ್ಲ, ಹೆಂಡತಿಯಿಂದ ಗಂಡನಿಗೂ ಅನ್ವಯಿಸುತ್ತದೆ. ಮುಂದೆಂದಾದರೂ ಗಂಡನು ಆ ನೆಲವನ್ನು ಮಾರಿದರೆ ಬಂಡವಾಳ ಲಾಭದ ತೆರಿಗೆಯು ಬಕ್ಷೀಸು ಕೊಟ್ಟ ಹೆಂಡತಿಯ ಲೆಕ್ಕಕ್ಕೆ ಬರುತ್ತದೆ. ಸಂಗಾತಿಗೆ ಕೊಟ್ಟ ಆಸ್ತಿ ಮಾರಾಟವಾದಾಗಿನ ಲಾಭವೂ ಕೊಟ್ಟವರಿಗೇ ಕೂಡಬೇಕೆಂದು 1968ರಲ್ಲಿಯೇ ಸರ್ವೋಚ್ಚ ನ್ಯಾಯಾಲಯ ಹೇಳಿದೆ. ಹೊಲ ಹೋಯಿತು, ರೊಕ್ಕವೂ ಕೈಗೆ ಬರಲಿಲ್ಲ, ತೆರಿಗೆ ಮಾತ್ರ ಆಕೆಯ ಪಾಲಿಗೆ ಉಳಿಯಿತು ಎಂಬಂತಾಗುತ್ತದೆ.

ಹೊಲವನ್ನು ಗಂಡನ ಮನೆಯ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಬೆರೆಸಿಬಿಡುವ ಯೋಚನೆಯೂ ನಡೆಯದು. ಹೆಣ್ಣುಮಗಳು ತನ್ನ ಸ್ವಂತ ಆಸ್ತಿಯನ್ನು ಹಾಗೆ ಕುಟುಂಬದ ಆಸ್ತಿಯೊಳಗೆ ಬೆರೆಸಲಾರಳೆಂದು 1977ರ ಪುಷ್ಪಾದೇವಿ ಪ್ರಕರಣದಲ್ಲಿ ತೀರ್ಪಾಗಿದೆ. ಅದನ್ನು ಆಕೆ ಕುಟುಂಬಕ್ಕೆ ದಾನ ಕೊಡಬಹುದಷ್ಟೇ.

ಮಾರುವಾಗ, ಸಾಲ ಮಾಡುವಾಗ

ಮಾರಾಟದ ಮಾತು ಬಂತಲ್ಲ, ಅದನ್ನೂ ನೋಡಿಬಿಡೋಣ. ನೆಲ ಮತ್ತು ಕಟ್ಟಡಗಳನ್ನು ಒಟ್ಟಿಗೆ ಮಾರಿದರೂ ತೆರಿಗೆಗೆ ಅವು ಎರಡು ಆಸ್ತಿಗಳು. ಪತ್ನಿಯ ನೆಲದ ಲಾಭಕ್ಕೆ, ಎರಡು ವರ್ಷಕ್ಕೂ ಮಿಕ್ಕಿ ಕೈಯಲ್ಲಿದ್ದರೆ, ಶೇಕಡಾ 12.5ರ ದರ, 2024ರ ಜುಲೈ 23ಕ್ಕೆ ಮೊದಲು ಬಂದ ನೆಲವಾದರೆ ಹಣದುಬ್ಬರದ ಲೆಕ್ಕ ಹಿಡಿದು ಶೇಕಡಾ 20ರಂತೆ ಎಣಿಸಿ, ಎರಡರಲ್ಲಿ ಕಡಿಮೆಯದನ್ನು ಕಟ್ಟಬಹುದು. ತವರಿನಿಂದ ಬಂದ ನೆಲಕ್ಕೆ ಹಿಂದಿನ ಒಡೆಯರು ಕೊಟ್ಟ ಬೆಲೆಯೇ ಆಕೆಯ ಬೆಲೆ. ಬಹಳ ಹಳೆಯ ಹೊಲವಾದರೆ 2001ರ ಏಪ್ರಿಲ್ 1ರ ಪೇಟೆ ಬೆಲೆಯನ್ನು ಹಿಡಿಯಬಹುದು. ಸವಕಳಿ ಪಡೆದ ಗಂಡನ ಕಟ್ಟಡದ ಲಾಭವು ಎಷ್ಟು ವರ್ಷ ಕಳೆದಿದ್ದರೂ ಅಲ್ಪಾವಧಿಯ ಲಾಭವೇ. ಹೀಗಿರುವಾಗ ಖರೀದಿ ಪತ್ರದಲ್ಲಿ ಎರಡಕ್ಕೂ ಬೇರೆ ಬೇರೆ ಬೆಲೆ ಬರೆಸದಿದ್ದರೆ ತಂಟೆ ತಪ್ಪಿದ್ದಲ್ಲ.

ಬಿನಶೇತ್ಕಿಯಿಂದ ಕಳೆದುಕೊಳ್ಳುವ ಒಂದು ಸೌಲಭ್ಯವನ್ನು ಅನೇಕರು ಅರಿಯರು. ಹಳ್ಳಿಯ ಸಾಗುವಳಿ ಹೊಲವನ್ನು ಮಾರಿದರೆ ಬಂಡವಾಳ ಲಾಭದ ತೆರಿಗೆಯೇ ಇಲ್ಲ. ಆದರೆ ಹತ್ತು ಸಾವಿರಕ್ಕೆ ಮೀರಿದ, ಒಂದು ಲಕ್ಷದೊಳಗಿನ ಜನಸಂಖ್ಯೆಯ ಊರುಗಳ ಎಲ್ಲೆಯಿಂದ ಎರಡು ಕಿಲೋಮೀಟರಿನೊಳಗಿನ ಹೊಲಕ್ಕೆ ಈ ವಿನಾಯಿತಿ ಅನ್ವಯಿಸದು. ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ನಾಲ್ಕೂ ಈ ಗಾತ್ರದ ಊರುಗಳೇ. ಅದರಾಚೆಗಿನ ಹೊಲವನ್ನು ಬಿನಶೇತ್ಕಿ ಮಾಡಿ ಗೋದಾಮು ಕಟ್ಟಿದೊಡನೆ ಅದು ಸಾಗುವಳಿ ಹೊಲವಾಗಿ ಉಳಿಯುವುದಿಲ್ಲ. ಆದುದರಿಂದ ಇಡೀ ನಾಲ್ಕೆಕರೆಗೆ ಪರಿವರ್ತನೆ ಕೇಳುವ ಬದಲು ಕಟ್ಟಡಕ್ಕೂ ಗಾಡಿ-ಲಾರಿ ತಿರುಗುವುದಕ್ಕೂ ಬೇಕಾದಷ್ಟು ಗುಂಟೆಗಳಿಗೆ ಮಾತ್ರ ಕೇಳಿ, ಉಳಿದದ್ದನ್ನು ಬಿತ್ತುತ್ತ ಇರುವುದು ಜಾಣತನ.

ಬ್ಯಾಂಕಿನ ಸಾಲಕ್ಕೆ ಹೋದಾಗ ನೆಲದೊಡತಿಯ ಸಹಿ ಬೇಕೇ ಬೇಕು. ಆಕೆ ಒತ್ತೆಯಿಟ್ಟವಳೂ ಹೌದು, ಬಹಳ ಸಲ ಜಾಮೀನುದಾರಳೂ ಹೌದು. ಕಟ್ಟಡದ ಸಾಲಕ್ಕೆಂದು ಆರಂಭವಾದ ಒತ್ತೆಯು ಮುಂದೆ ವ್ಯಾಪಾರದ ಉದ್ರಿ ಸಾಲಕ್ಕೂ ವಿಸ್ತರಿಸುವುದುಂಟು. ಸಹಿ ಮಾಡುವ ಕಾಗದದಲ್ಲಿ ಸಾಲದ ಮೊತ್ತವೆಷ್ಟು, ಯಾವ ಯಾವ ಸರ್ವೆ ನಂಬರಿನ ಹೊಲ ಸೇರಿದೆ ಎಂಬುದನ್ನು ಕನ್ನಡದಲ್ಲಿ ಓದಿಸಿಕೊಂಡು ಕೇಳುವುದು ಆಕೆಯ ಹಕ್ಕು. ಯಜಮಾನರು ತಾವಾಗಿಯೇ ಓದಿ ಹೇಳಿದರೆ ಇನ್ನೂ ಉತ್ತಮ.

ಕಲಮುಗಳ ಸಂಖ್ಯೆಗಳನ್ನು ನಾನು ಇಲ್ಲಿ ಹೆಚ್ಚಾಗಿ ಕೊಟ್ಟಿಲ್ಲ. 1961ರ ಆದಾಯ ತೆರಿಗೆ ಕಾಯ್ದೆಯ ಸ್ಥಾನದಲ್ಲಿ 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ ಸಂಸತ್ತು 2025ರಲ್ಲಿ ಹೊಸ ಕಾಯ್ದೆಯನ್ನು ಅಂಗೀಕರಿಸಿತು. ಅದರಲ್ಲಿ ಸಂಖ್ಯೆಗಳು ಬದಲಾಗಿವೆ. ಸವಕಳಿ ಮತ್ತು ಕೂಡಿಸುವ ನಿಯಮಗಳ ಮೂಲ ತತ್ವ ಮುಂದುವರಿದಿದೆ. ಕಾಗದ ಮಾಡಿಸುವ ದಿನ ನಿಮ್ಮ ಲೆಕ್ಕಪರಿಶೋಧಕರಿಂದ ಆ ವರ್ಷದ ದರಗಳನ್ನು ತಿಳಿದುಕೊಳ್ಳಿರಿ.

ಕೊನೆಯದಾಗಿ ಹೇಳಬೇಕಾದದ್ದು ತೆರಿಗೆಯಲ್ಲ, ವಾರಸಿಕೆ. ಪತ್ನಿಯು ಮೃತ್ಯುಪತ್ರವಿಲ್ಲದೆ ತೀರಿಕೊಂಡರೆ ಆಕೆಯ ನೆಲವು ಗಂಡುಮಕ್ಕಳು, ಹೆಣ್ಣುಮಕ್ಕಳು ಮತ್ತು ಗಂಡ ಇವರಲ್ಲಿ ಸಮಪಾಲಾಗುತ್ತದೆ. ಗೋದಾಮು ಪೂರ್ತಿ ತನ್ನದೆಂದು ಕಟ್ಟಿದವನಿಗೆ ಅದರ ಕೆಳಗಿನ ನೆಲದಲ್ಲಿ ಮೂರರಲ್ಲೊಂದೋ ನಾಲ್ಕರಲ್ಲೊಂದೋ ಪಾಲು ಮಾತ್ರ. ಮಕ್ಕಳಾಗಲಿ ಮಕ್ಕಳ ಮಕ್ಕಳಾಗಲಿ ಇಲ್ಲದ ಮನೆಯಲ್ಲಿ, ತಂದೆ ಅಥವಾ ತಾಯಿಯಿಂದ ವಾರಸಿಕೆಯಾಗಿ ಬಂದ ಹೊಲವು ಆಕೆಯ ತಂದೆಯ ವಾರಸುದಾರರಿಗೇ ಮರಳುತ್ತದೆ. ಬಕ್ಷೀಸ ಪತ್ರದಿಂದ ಬಂದದ್ದಕ್ಕೆ ಈ ವಿಶೇಷ ನಿಯಮವಿಲ್ಲ. ವಾರಸಿಕೆಯಿಂದ ಬಂದದ್ದಕ್ಕೆ ಉಂಟು. ಅಲ್ಲಿಗೆ ಭಾವನ ಗೋದಾಮು ಭಾವಮೈದುನರ ನೆಲದ ಮೇಲೆ ನಿಂತಂತಾಯಿತು. ನೋಂದಾಯಿತ ಕರಾರು ಪತ್ರವಿದ್ದರೆ ಅದರ ಅವಧಿಯವರೆಗೆ ಆತನಿಗೆ ಆಧಾರವಿದೆ; ಇಲ್ಲದಿದ್ದರೆ ಹುಬ್ಬಳ್ಳಿಯ ನ್ಯಾಯಾಲಯಕ್ಕೆ ಅಲೆಯುವ ಕಾಲ ಬರುತ್ತದೆ. ಇದನ್ನು ತಪ್ಪಿಸುವ ಅಧಿಕಾರ ನೆಲದೊಡತಿಯ ಕೈಯಲ್ಲಿಯೇ ಇದೆ. ಗೋದಾಮಿನ ಕೆಳಗಿನ ಗುಂಟೆಗಳನ್ನು ಗಂಡನು ಬದುಕಿರುವವರೆಗೆ ಬಳಸಲಿ, ಆಮೇಲೆ ಮಗಳಿಗೋ ತಮ್ಮನ ಮಕ್ಕಳಿಗೋ ಸೇರಲಿ ಎಂದು ಆಕೆ ತನ್ನ ಇಷ್ಟದಂತೆ ಮೃತ್ಯುಪತ್ರ ಬರೆಯಬಹುದು. ಅದಕ್ಕೆ ಮುದ್ರಾಂಕ ಬೇಕಿಲ್ಲ, ನೋಂದಣಿಯೂ ಕಡ್ಡಾಯವಲ್ಲ. ಆಕೆಯ ಸಹಿಯನ್ನು ಕಂಡ ಇಬ್ಬರು ಸಾಕ್ಷಿಗಳು ಆಕೆಯ ಎದುರಿಗೇ ಸಹಿ ಹಾಕಿದರೆ ಸಾಕು. ಅದರಿಂದ ಪಾಲು ಪಡೆಯುವವರು ಮಾತ್ರ ಆ ಇಬ್ಬರಲ್ಲಿ ಇರದಿರಲಿ.